ನಾಲ್ಕನೆಯ ಸಲ ಏಳದ ಪಾದ

ನನಗೆ ವಾಸಿಯಾಗಿದೆಯೇ ಇಲ್ಲವೇ ಎಂದು ಕೇಳುವವರಿಗೆ ತೋರಿಸಲು ನನ್ನ ಬಳಿ ಎರಡು ಕಾಗದಗಳಿವೆ. ಒಂದರ ಪ್ರಕಾರ ನಾನು ಗಟ್ಟಿಮುಟ್ಟಾಗಿದ್ದೇನೆ. ಇನ್ನೊಂದರ ಪ್ರಕಾರ ಇಲ್ಲ, ಇನ್ನು ಮುಂದೆ ಆಗುವುದೂ ಇಲ್ಲ. ಎರಡಕ್ಕೂ ದುಂಡನೆಯ ಮೊಹರಿದೆ, ಎರಡಕ್ಕೂ ಓದಿದವರ ಸಹಿಯಿದೆ. ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ಅಲ್ಲಿ ಅವು ಈವರೆಗೆ ಜಗಳವಾಡಿಲ್ಲ. ಜಗಳವೆಲ್ಲ ನನ್ನ ತಲೆಯೊಳಗೆ. ಕಾಯಿಲೆಯಿಂದ ಎದ್ದು, ನಿಜವಾಗಿ ಎದ್ದೆನೋ ಇಲ್ಲವೋ ತಿಳಿಯದೆ ಕೂತಿರುವವರು ಇನ್ನೂ ನಾಲ್ಕು ಜನ ಇರಬಹುದು. ಅವರಿಗೆ ಚಳ್ಳಕೆರೆಯಲ್ಲಿ ಒಬ್ಬ ಜೊತೆಗಾರನಿದ್ದಾನೆ ಎಂದು ತಿಳಿಸುವುದಷ್ಟೇ ಈ ಬರಹದ ಘನ ಉದ್ದೇಶ.

ನಮ್ಮದು ಶೇಂಗಾ ಮಂಡಿ, ತಂದೆಯ ಕಾಲದ್ದು. ತಂದೆ ನನಗೆ ಕಲಿಸಿದ ಮೊದಲ ಪಾಠ ತೂಕದ್ದಲ್ಲ. ಮಂಡಿಯಲ್ಲಿ ಕೂತವನನ್ನು ಯಾರೇ ‘ಹೆಂಗಿದೀರಿ’ ಅಂದರೂ ‘ಚೆನ್ನಾಗಿದೀನಿ’ ಅನ್ನಬೇಕು. ಜ್ವರವಿರಲಿ, ಹಲ್ಲುನೋವಿರಲಿ, ಬೆನ್ನಿನ ಮೇಲೆ ಕುರುವಿರಲಿ, ಉತ್ತರ ಬದಲಾಗಕೂಡದು. ಸಾವುಕಾರ ಮಲಗಿದ ಎಂದು ಸುದ್ದಿಯಾದರೆ ಮಾಲಿನ ಗಾಡಿ ಪಕ್ಕದ ಮಂಡಿಗೆ ತಿರುಗುತ್ತದೆ. ತಂದೆಯವರು ತೀರಿಕೊಂಡ ದಿನ ಬೆಳಿಗ್ಗೆ ಕೂಡ ದೊಡ್ಡಉಳ್ಳಾರ್ತಿಯ ರೈತರೊಬ್ಬರಿಗೆ ‘ಚೆನ್ನಾಗಿದೀನ್ರೀ’ ಎಂದು ಹೇಳಿ ಕಳಿಸಿದ್ದರು. ಅಂಥವರ ಮಗ ನಾನು. ಐವತ್ತೆಂಟು ವರ್ಷ ಈ ವ್ರತವನ್ನು ಭಂಗವಿಲ್ಲದೆ ನಡೆಸಿದ್ದೆ.

ಕಾಯಿಲೆ ಮೊದಲು ಬಂದದ್ದು ನನಗಲ್ಲ, ನನ್ನ ಚಪ್ಪಲಿಗೆ. ಅದಕ್ಕೂ ವಾರದ ಹಿಂದೆ ಎರಡು ದಿನ ಹೊಟ್ಟೆ ಕೆಟ್ಟಿತ್ತು, ಮಜ್ಜಿಗೆ ಕುಡಿದು ಮರೆತಿದ್ದೆ. ಆಮೇಲೊಂದು ಬೆಳಿಗ್ಗೆ ಮಂಡಿಯ ಮೆಟ್ಟಿಲು ಹತ್ತಿ ಒಳಗೆ ಬಂದರೆ ಬಲಗಾಲಿನ ಚಪ್ಪಲಿ ಮೆಟ್ಟಿಲ ಮೇಲೆಯೇ ಉಳಿದಿದೆ. ಕಾಲು ಬಂದಿದೆ, ಚಪ್ಪಲಿ ಬಂದಿಲ್ಲ. ಮಧ್ಯಾಹ್ನ ಮತ್ತೆ ಹಾಗೇ ಆಯಿತು. ಮನೆಯಲ್ಲಿ ಗಿರಿಜಾ, ಅಂದರೆ ನನ್ನ ಹೆಂಡತಿ, ಅದನ್ನು ಎತ್ತಿ ನೋಡಿ ಪಟ್ಟಿ ಸಡಿಲವಾಗಿದೆ ಎಂದು ತೀರ್ಪು ಕೊಟ್ಟಳು. ಹೊಸ ಜೋಡಿ ತಂದೆವು. ಹೊಸದೂ ಮೆಟ್ಟಿಲ ಮೇಲೆ ಉಳಿಯತೊಡಗಿತು. ಈಗಿನ ಕಾಲದಲ್ಲಿ ಚಪ್ಪಲಿ ಮಾಡುವವರಿಗೆ ನಿಯತ್ತಿಲ್ಲ ಎಂಬ ವಿಷಯವಾಗಿ ನಾನು ಹಮಾಲರ ಎದುರು ಸಣ್ಣ ಭಾಷಣವನ್ನೇ ಮಾಡಿದೆ.

ಮೂರನೆಯ ದಿನ ಊಟಕ್ಕೆ ನೆಲದ ಮೇಲೆ ಕೂತವನು ಏಳಲು ಹೋದರೆ ಮೊಣಕಾಲಿನ ಕೆಳಗೆ ಯಾರೂ ಇರಲಿಲ್ಲ. ಅವ್ವ, ಎಂಬತ್ತು ದಾಟಿದವಳು, ನೆಲ ಒರೆಸಬೇಕು ಏಳೋ ಅಂದಳು. ನಾನು ‘ಚೆನ್ನಾಗಿದೀನಿ, ಹಂಗೇ ಸ್ವಲ್ಪ ಕೂತಿರ್ತೀನಿ’ ಅಂದೆ. ನಾಲ್ಕು ಗಂಟೆಯವರೆಗೆ ಹಾಗೇ ಕೂತಿದ್ದೆ. ಕೊನೆಗೆ ಗಿರಿಜಾ ಹಮಾಲರನ್ನು ಕರೆಸಿದಳು. ಮೂವತ್ತು ವರ್ಷದಿಂದ ನಾನು ಅವರಿಂದ ಮೂಟೆ ಎತ್ತಿಸುತ್ತಿದ್ದೆ; ಅಂದು ಅವರು ನನ್ನನ್ನು ಎತ್ತಿ ಕಾರಿಗೆ ಹಾಕಿದರು. ನಾಜೂಕಾಗಿಯೇ ಎತ್ತಿದರು ಎಂದು ದಾಖಲಿಸಬೇಕು. ಮೂಟೆಗಿಂತ ನನ್ನ ತೂಕ ಜಾಸ್ತಿ ಎಂಬುದನ್ನು ಮಾತ್ರ ಒಬ್ಬ ಮನಸ್ಸಿನಲ್ಲಿ ಇಟ್ಟುಕೊಳ್ಳಲಾಗದೆ ಹೇಳಿಬಿಟ್ಟ.

ದಾವಣಗೆರೆಯ ಆಸ್ಪತ್ರೆಯಲ್ಲಿ ಮಾರನೆಯ ದಿನ ಕಾಯಿಲೆಗೆ ಹೆಸರು ಸಿಕ್ಕಿತು. ಯಾರೋ ಪರದೇಶದ ವೈದ್ಯರ ಹೆಸರುಗಳಂತೆ, ನಮ್ಮ ನಾಲಿಗೆಗೆ ಹೊರಳಲಿಲ್ಲ. ಡಾಕ್ಟರು ಚಿಕ್ಕದಾಗಿ ಜಿಬಿಎಸ್ ಅಂದರು.

“ಬಸ್ಸಿನ ಹೆಸರಿದ್ದಂಗೈತೆ,” ಅಂದಳು ಅವ್ವ. “ಎಲ್ಲಿಂದ ಎಲ್ಲಿಗೆ ಹೋಗ್ತೈತಂತೆ?”

ಡಾಕ್ಟರು ನಕ್ಕರೂ ಪ್ರಶ್ನೆ ಸರಿಯಾಗಿಯೇ ಇತ್ತು. ಅದು ಪಾದದಿಂದ ಹೊರಟು, ಬಲ ಕಳೆಯುತ್ತಾ ಮೇಲಕ್ಕೆ ಬರುವ ನರಗಳ ಕಾಯಿಲೆ. ಎದೆಯನ್ನು ಮುಟ್ಟದೆ ನಿಂತರೆ ಉಳಿಯುತ್ತೀರಿ, ಮುಟ್ಟಿದರೆ ಉಸಿರಾಟಕ್ಕೆ ಯಂತ್ರ ಹಾಕಬೇಕಾಗುತ್ತದೆ ಎಂದರು. ಐದು ದಿನ ಇಂಜೆಕ್ಷನ್ ಹನಿಹನಿಯಾಗಿ ಇಳಿಯಿತು. ಐದೂ ದಿನ ಅವ್ವ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು, ಬಂದ ನರ್ಸಮ್ಮಂದಿರನ್ನೆಲ್ಲ ಬಸ್ಸು ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದಳಂತೆ. ಅದೇ ಬೆಂಚಿನಲ್ಲಿ ಗೌರಸಮುದ್ರದ ಕಡೆಯ ಒಬ್ಬ ಅಜ್ಜಿಯಿದ್ದರು, ಮೊಮ್ಮಗಳ ಜೊತೆ ಬಂದವರು. ನನ್ನನ್ನು ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋಗುವಾಗ ಆಕೆ ಎದ್ದು ಬಂದು, ನನ್ನ ಹಣೆಯ ವಿಭೂತಿಗೆ ತಗಲದಂತೆ ಪಕ್ಕದಲ್ಲಿ ಮಾರಮ್ಮನ ಭಂಡಾರ ಹಚ್ಚಿದರು. ಏನಾಗಿದೆ, ಯಾವೂರು, ಯಾರ ಪೈಕಿ, ಒಂದನ್ನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಕಳೆದ ಹದಿನೆಂಟು ದಿನಗಳಲ್ಲಿ ನನ್ನನ್ನು ಏನೂ ಕೇಳದೆ ಹೋದವರು ಅವರೊಬ್ಬರೇ.

ಬಸ್ಸು ಸೊಂಟ ದಾಟಿ, ಎದೆಯನ್ನು ಬಿಟ್ಟು, ಹೇಗೋ ಮುಖಕ್ಕೆ ಹೋಯಿತು. ಕಣ್ಣಿನ ರೆಪ್ಪೆ ಮುಚ್ಚದಾಯಿತು. ಮಧ್ಯಾಹ್ನ ನಿದ್ದೆ ಬಂದರೆ ಗಿರಿಜಾ ಎರಡು ಬೆರಳಿನಿಂದ ನನ್ನ ರೆಪ್ಪೆಗಳನ್ನು ಇಳಿಸಿ ಹತ್ತಿ ಅಂಟಿಸುತ್ತಿದ್ದಳು. ಮೊದಲನೆಯ ಸಲ ಹಾಗೆ ಮಾಡಿದಾಗ ಅವಳ ಕೈ ತಟ್ಟನೆ ನಿಂತಿತು. ಹೀಗೆ ಕಣ್ಣು ಮುಚ್ಚಿಸುವುದು ಯಾವ ಹೊತ್ತಿನಲ್ಲಿ ಎಂದು ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ಶಿವ ಶಿವ ಅಂದಳು, ಮತ್ತೆ ಇಳಿಸಿದಳು. ಕಣ್ಣು ಮುಚ್ಚಿದ ಮೇಲೆ ಹೆಂಗಿದೀರಿ ಅಂದಳು. ಚೆನ್ನಾಗಿದೀನಿ ಅಂದೆ. ಬಾಯಿ ಒಂದು ಕಡೆ ಸೊಟ್ಟಗಾಗಿದ್ದರಿಂದ ಏನು ಕೇಳಿಸಿತೋ ಗೊತ್ತಿಲ್ಲ.

ಮುಖ ಎರಡು ತಿಂಗಳಿಗೆ ನೆಟ್ಟಗಾಯಿತು. ಆರು ತಿಂಗಳಿಗೆ ಕೋಲು ಹಿಡಿದು ನಡೆದೆ, ಎಂಟು ತಿಂಗಳಿಗೆ ಕೋಲು ಬಿಟ್ಟೆ. ಬಲಪಾದ ಮಾತ್ರ ಮೇಲಕ್ಕೆ ಏಳಲು ಒಪ್ಪಲಿಲ್ಲ. ಅದನ್ನು ಹಿಡಿದು ನಿಲ್ಲಿಸಲು ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ಬೂಟಿನೊಳಗೆ ಹಾಕಿಕೊಳ್ಳುವಂತೆ ಕೊಟ್ಟರು. ಆಗ ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ‘ಗಣನೀಯ ಸುಧಾರಣೆ, ಇನ್ನೂ ಸುಧಾರಿಸುವ ನಿರೀಕ್ಷೆ’ ಎಂದಿತ್ತು. ಆ ನಿರೀಕ್ಷೆಯನ್ನು ಮನೆಯವರೆಲ್ಲ ಹಂಚಿಕೊಂಡು ಕೂತೆವು.

ಸ್ಕೂಟರು ನಿಲ್ಲಿಸಿದಾಗ ಆ ಕಾಲು ಊರಿದರೆ ನಿಲ್ಲುತ್ತಿರಲಿಲ್ಲ. ಹಿಂದುಗಡೆ ಎರಡು ಪಕ್ಕದ ಗಾಲಿ ಕೂರಿಸುವವರು ಮೊಳಕಾಲ್ಮುರಿನಲ್ಲಿ ಒಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಹಾಗೆ ಖಾದರ್‌ನ ಗ್ಯಾರೇಜಿಗೆ ಹೋದೆ. ಎರಡನೆಯ ವರ್ಷದಲ್ಲೇ ಪೋಲಿಯೊ ಆಗಿ ಅವನ ಎಡಗಾಲು ಸಣ್ಣಗೆ ಉಳಿದಿದೆ. ತನ್ನ ಗಾಡಿಗೆಂದು ಮಾಡಿಕೊಂಡ ಗಾಲಿಗಳನ್ನು ಈಗ ಸುತ್ತಲಿನ ಊರಿನವರಿಗೆಲ್ಲ ಮಾಡಿಕೊಡುತ್ತಾನೆ. ನನಗಿಂತ ಹದಿನೈದು ವರ್ಷ ಚಿಕ್ಕವನು, ಆದ್ದರಿಂದ ಏಕವಚನ. ಟೇಬಲ್ ಟೆನಿಸ್ ಮೇಜಿನ ಆಚೆ ನಿಂತಾಗ ಮಾತ್ರ ನಾನು ಮನಸ್ಸಿನಲ್ಲೇ ಬಹುವಚನ ಬಳಸುತ್ತೇನೆ.

ಹೌದು, ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಮೇಜಿತ್ತು. ಒಂದು ಮೂಲೆಗೆ ಗ್ರೀಸಿನ ಕಲೆ, ಬಲೆಯ ಬದಲು ತಗಡಿನ ಪಟ್ಟಿ. ಖಾದರ್ ಅಂಗವಿಕಲರ ಪಂದ್ಯಗಳಲ್ಲಿ ರಾಜ್ಯಮಟ್ಟಕ್ಕೆ ಹೋಗಿ ಬಂದವನು. ನಾನು ಸುಮ್ಮನಿರದೆ, ಪ್ರಾಯದಲ್ಲಿ ಚಳ್ಳಕೆರೆಯ ಕ್ಲಬ್ಬಿನಲ್ಲಿ ಎರಡು ಸಲ ಕಪ್ ಗೆದ್ದ ಸಂಗತಿಯನ್ನು ಅವನ ಗಮನಕ್ಕೆ ತಂದೆ. ಅವನು ಕೈ ಒರೆಸಿಕೊಂಡು ಬ್ಯಾಟು ಕೊಟ್ಟ. ಮೊದಲ ಚೆಂಡಿಗೆ ನಾನು ಬಲಕ್ಕೆ ಹೋದೆ, ಪಾದ ಬರಲಿಲ್ಲ, ಟೈರುಗಳ ರಾಶಿಯ ಮೇಲೆ ಕೂತೆ. ಗಾಡಿ ರಿಪೇರಿಗೆ ರಾಯದುರ್ಗದ ಕಡೆಯಿಂದ ಬಂದಿದ್ದ ಒಬ್ಬರು ‘ಅಯ್ಯೋ, ದೆಬ್ಬ ತಗಿಲಿಂದಾ’ ಎಂದು ತೆಲುಗಿನಲ್ಲಿ ಪೆಟ್ಟಾಯಿತೇ ಎಂದು ಕೇಳುತ್ತಾ ಓಡಿ ಬಂದರು. ಖಾದರ್ ಅಲುಗಲಿಲ್ಲ.

“ನಿಮ್ ಕಾಲು ಎಲ್ಲೀಗಂಟ ಬರ್ತೈತೆ ಅಂತ ಎದುರುಗಡೆ ನಿಂತಿರೋ ನನಗೆ ಗೊತ್ತಾಯ್ತು ಸಾವ್ಕಾರ್ರೆ,” ಅಂದ. “ನಿಮಗಿನ್ನೂ ಗೊತ್ತಾಗಿಲ್ಲ.”

ಆ ಮಾತು ನನಗೆ ಇಷ್ಟವಾಗಲಿಲ್ಲ. ಆದ್ದರಿಂದ ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ. ಗಾಲಿ ಕೂರಿಸಿದ ಸ್ಕೂಟರಿನಲ್ಲಿ ವಾರಕ್ಕೆರಡು ಸಲ ಮೊಳಕಾಲ್ಮುರಿಗೆ ಹೋಗುವುದು ನಿಯಮವಾಯಿತು. ದೇವಸಮುದ್ರದ ಕಡೆಯ ಕುರಿಮಂದೆಗಳು ಎದುರಾದರೆ ಅವುಗಳ ನಡುವೆ ನಿಂತು ಕಾಯಬೇಕು. ಮೊದಲ ಸಲ ಭಯವಾಗಿತ್ತು, ಈಗ ನಾಲ್ಕು ಗಾಲಿ ಊರಿಕೊಂಡು ಮಠಾಧೀಶರ ಗಾಂಭೀರ್ಯದಲ್ಲಿ ಕೂರುತ್ತೇನೆ. ಶೆಡ್ಡಿನ ಆ ಒಂದು ಗಂಟೆಯಲ್ಲಿ ಯಾರೂ ನನ್ನನ್ನು ಹೆಂಗಿದೀರಿ ಎಂದು ಕೇಳುತ್ತಿರಲಿಲ್ಲ. ಅದು ಎಷ್ಟು ದೊಡ್ಡ ಉಪಕಾರವೆಂದು ಕಾಯಿಲೆ ಬಂದವರಿಗೇ ಗೊತ್ತು.

ಒಂದು ದಿನ ಖಾದರ್ ಬೇಡಿಕೆ ಇಟ್ಟ. ಅವನ ಡಬಲ್ಸ್ ಜೊತೆಗಾರ ಊರು ಬಿಟ್ಟು ಮೂರು ವರ್ಷವಾಗಿತ್ತು. ಆಮೇಲೆ ಜೋಡಿಯಿಲ್ಲದೆ ಅವನು ಒಂಟಿ ಪಂದ್ಯವಾಡಿ, ಡಬಲ್ಸ್ ನಡೆಯುವಾಗ ಗ್ಯಾಲರಿಯಲ್ಲಿ ಕೂತು ನೋಡಿ ಬರುತ್ತಿದ್ದ. ನೀವು ಬನ್ನಿ ಅಂದ. ಅದಕ್ಕೆ ಮೊದಲು ಪರೀಕ್ಷಕರ ಮಂಡಳಿಯ ಮುಂದೆ ಹೋಗಬೇಕು. ಅವರು ಕೈಕಾಲು ಪರೀಕ್ಷಿಸಿ ಒಂದು ನಂಬರು ಕೊಡುತ್ತಾರೆ. ನಿಂತು ಆಡುವವರಿಗೆ ಆರರಿಂದ ಹತ್ತರವರೆಗೆ. ತೊಂದರೆ ಕಡಿಮೆಯಾದಷ್ಟೂ ನಂಬರು ದೊಡ್ಡದು. ಖಾದರ್‌ದು ಎಂಟು. ನಂಬರು ಸಿಗದಿದ್ದರೆ ಆಟವಿಲ್ಲ. ಅವನಿಗೆ ಜೋಡಿಯೂ ಇಲ್ಲ.

ಈಗ ನಾನು ಮಾಡಿದ್ದನ್ನು ಕೇಳಿ. ಪರೀಕ್ಷೆ ಎಂದ ಕೂಡಲೇ ನಾನು ಪರೀಕ್ಷೆಗೆ ಓದಿದೆ. ಒಂದು ತಿಂಗಳು ದಿನಾ ಬೆಳಿಗ್ಗೆ ಕುರ್ಚಿಯ ಮೇಲೆ ಕೂತು ಬಲಪಾದ ಎತ್ತುವ ಸಾಧನೆ ಮಾಡಿದೆ. ಗಿರಿಜಾ ಎದುರು ಕೂತು ಎಣಿಸುತ್ತಿದ್ದಳು. ತಿಂಗಳ ಕೊನೆಗೆ ಪಾದ ಮೂರು ಸಲ ಎದ್ದಿತು. ನಾಲ್ಕನೆಯದಕ್ಕೆ ಸತ್ತ ಮೀನಿನಂತೆ ಜೋತು ಬೀಳುತ್ತಿತ್ತು. ಮತ್ತೆ ಅರ್ಧ ಗಂಟೆ ಅದರ ಹತ್ತಿರ ಮಾತಾಡುವಂತಿರಲಿಲ್ಲ. ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಕಾಲಿಗೆ ಪೂರ್ತಿ ವಿಶ್ರಾಂತಿ ಕೊಟ್ಟೆ. ಅವ್ವ ಎಣ್ಣೆ ಬಿಸಿ ಮಾಡಿ ನೀವಿದಳು. ಹೊರಡುವಾಗ ಗಿರಿಜಾ ಮೊಸರು ಸಕ್ಕರೆ ತಿನ್ನಿಸಿ, ಚೆನ್ನಾಗಿ ಮಾಡಿ ಬನ್ನಿ ಅಂದಳು. ಮನೆಯಲ್ಲಿ ಯಾರಿಗೂ, ನನಗೂ, ಈ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡುವುದೆಂದರೇನು ಎಂಬ ಯೋಚನೆಯೇ ಬರಲಿಲ್ಲ.

ಪಂದ್ಯ ನಡೆಯುವ ಊರಿಗೆ ನಾನೂ ಖಾದರ್‌ನೂ ಬಸ್ಸಿನಲ್ಲಿ ಹೋದೆವು. ಕ್ರೀಡಾಂಗಣದ ಪಡಸಾಲೆಯಲ್ಲಿ ಇಪ್ಪತ್ತು ಜನ ಸರದಿಗೆ ಕೂತಿದ್ದರು. ಒಬ್ಬರಿಗೆ ಮೊಣಕೈ ಕೆಳಗಿಲ್ಲ, ಒಬ್ಬರಿಗೆ ಕಾಲು ಮರದ್ದು. ಚಕ್ರದ ಕುರ್ಚಿಯಲ್ಲಿದ್ದ ಹೆಂಗಸೊಬ್ಬರು ಸ್ವೆಟರು ಹೆಣೆಯುತ್ತಾ ಕೂತಿದ್ದರು. ಅವರು ನನ್ನ ಮುಖ ನೋಡಿ, ಆಮೇಲೆ ಕೈಕಾಲು ನೋಡಿ, ಯಾರನ್ನು ಕರೆದುಕೊಂಡು ಬಂದಿದ್ದೀರಿ ಎಂದು ವಿಚಾರಿಸಿದರು. ಆಸ್ಪತ್ರೆಯ ಬೆಂಚಿನಲ್ಲಿ ಎಲ್ಲರಿಗಿಂತ ಕಾಯಿಲೆಯವನಂತೆ ಕಂಡಿದ್ದ ನಾನು ಇಲ್ಲಿ ಎಲ್ಲರಿಗಿಂತ ಆರೋಗ್ಯವಂತ. ನಾಚಿಕೆಯಾಯಿತು. ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಕರೆ ಬಂದಾಗ ಬೂಟಿನೊಳಗಿನ ಪಟ್ಟಿ ತೆಗೆದು ಚೀಲದಲ್ಲಿ ಹಾಕಿ, ಕೂದಲು ಬಾಚಿಕೊಂಡು ಒಳಗೆ ಹೋದೆ.

ಡಾಕ್ಟರು ಮರ್ಯಾದಸ್ಥರು. ಹೇಗಿದ್ದೀರಿ ಅಂದರು. ಬಾಯಿ ತನ್ನಷ್ಟಕ್ಕೆ ತಾನೇ ಚೆನ್ನಾಗಿದೀನಿ ಅಂದಿತು. ನಡೆಯಿರಿ ಅಂದರು. ಉಸಿರು ಬಿಗಿ ಹಿಡಿದು ಗೋಡೆಯವರೆಗೆ ಮದುಮಗನಂತೆ ನಡೆದೆ. ಪಾದ ಎತ್ತಿ ಅಂದರು. ಎತ್ತಿದೆ. ಇನ್ನೊಮ್ಮೆ ಅಂದರು. ಎತ್ತಿದೆ. ಕೈಯಿಂದ ಒತ್ತಿ ಹಿಡಿದು ಮತ್ತೊಮ್ಮೆ ಅಂದರು. ಹಲ್ಲು ಕಚ್ಚಿ ಎತ್ತಿದೆ. ನಾಲ್ಕನೆಯದನ್ನು ಅವರು ಕೇಳಲಿಲ್ಲ. ಏನಾದರೂ ಕಾಗದಗಳಿವೆಯೇ ಅಂದಾಗ ‘ಗಣನೀಯ ಸುಧಾರಣೆ’ಯ ಕಾಗದವನ್ನೇ ಕೊಟ್ಟೆ, ಅದೊಂದೇ ನನಗೆ ಇಷ್ಟವಾದದ್ದು. ಸ್ನಾಯುಬಲ ಸಾಕಷ್ಟಿದೆ, ಈ ವಿಭಾಗದಲ್ಲಿ ಆಡಲು ಅರ್ಹರಲ್ಲ ಎಂದು ಬರೆದು, ಬೇಕಿದ್ದರೆ ಮುಂದಿನ ವರ್ಷ ಮರುಪರೀಕ್ಷೆಗೆ ಬರಬಹುದು ಅಂದರು. ಕೈಕುಲುಕಿ ಅಭಿನಂದಿಸಿದರು ಕೂಡ. ನಾನು ಬಹಳ ಉಪಕಾರವಾಯಿತು ಎಂದು ಹೊರಗೆ ಬಂದೆ. ಐದು ಹೆಜ್ಜೆಗೆ ಪಾದ ನೆಲಕ್ಕೆ ತಗಲಿತು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಖಾದರ್ ಕಾಗದ ಓದಿದ. ಮಡಿಸಿ ಕೊಟ್ಟ. ತನ್ನ ಒಂಟಿ ಪಂದ್ಯವಾಡಿ ಸೋತ. ವಾಪಸು ಬಸ್ಸಿನಲ್ಲಿ ಹಿರಿಯೂರು ದಾಟಿದ ಮೇಲೆ ಕೇಳಿದ.

“ಎಷ್ಟು ಸಲ ಎತ್ತಿದ್ರಿ?”

“ಮೂರು.”

“ನಾಲ್ಕನೇದು?”

“ಕೇಳ್ಲಿಲ್ಲ.”

“ನೀವೂ ಹೇಳ್ಲಿಲ್ಲ.”

ನಾನು ಕಿಟಕಿಯ ಹೊರಗೆ ನೋಡಿದೆ.

“ಇಷ್ಟು ವರ್ಷದಾಗೆ ಅಲ್ಲಿಗೆ ಇಲ್ಲದ ಕುಂಟು ಕುಂಟ್ಕೊಂಡು ಬಂದೋರನ್ನ ನೋಡೀನಿ ಸಾವ್ಕಾರ್ರೆ,” ಅಂದ. “ಇಲ್ಲದ ನೆಟ್ಟಗೆ ನಡ್ಕೊಂಡು ಬಂದೋರು ನೀವೇ ಮೊದಲು. ಎರಡೂ ಸುಳ್ಳೇ. ಹೆಂಗೈತೋ ಹಂಗೆ ತೋರ್ಸೋಕೆ ಏನ್ ಕಷ್ಟ ನಿಮಗೆ?”

ಹೆಂಗೈತೋ ಹಂಗೆ ತೋರಿಸುವುದೇ ಕಷ್ಟ ಎಂದು ಈಗ ಬರೆಯುವಾಗ ಹೊಳೆಯುತ್ತಿದೆ.

ಮನೆಯಲ್ಲಿ ಹಬ್ಬವಾಯಿತು. ಸರ್ಕಾರದಷ್ಟೇ ಗಟ್ಟಿಯಾದ ಮೊಹರಿನ ಕಾಗದದಲ್ಲಿ ಮಗನಿಗೆ ಏನೂ ಆಗಿಲ್ಲ ಎಂದು ಬರೆದಿದೆ. ಅವ್ವ ಗೋಧಿ ಹುಗ್ಗಿ ಮಾಡಿಸಿ ಬೀದಿಗೆಲ್ಲ ಹಂಚಿದಳು. ಬಂದವರು ನನ್ನನ್ನು ಎದ್ದು ನಿಲ್ಲಿಸಿ ನೋಡಿದರು. ನಾನು ನಿಂತು ತೋರಿಸಿದೆ. ಖುಷಿಪಡಬೇಕಾದ ದಿನ. ನನಗೆ ಮಾತ್ರ ಯಾರದ್ದೋ ಮದುವೆಯಲ್ಲಿ ಕೂತು ಉಂಡಂತಿತ್ತು. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅರ್ಹನಲ್ಲ ಎಂದದ್ದಕ್ಕೆ ದುಃಖವೋ? ಹಾಗಾದರೆ ನನಗೆ ಕಾಯಿಲೆ ಬೇಕಿತ್ತೋ? ಬೇಕೆನ್ನುವವನು ಎಂಥ ಮನುಷ್ಯ?

ಆ ಗೋಜಲನ್ನು ಬಿಡಿಸಿದವಳು ಗಿರಿಜಾ, ಬೂಟಿನಿಂದ. ವಾರ ಕಳೆದು ಬೂಟು ಒರೆಸುತ್ತಿದ್ದವಳು ಎರಡನ್ನೂ ತಂದು ನನ್ನ ಮುಂದಿಟ್ಟಳು. ಎಡಗಾಲಿನದು ಹೊಸದಾಗಿಯೇ ಇತ್ತು. ಬಲಗಾಲಿನದರ ಮೂತಿ ತೇದು ಒಳಗಿನ ಬಟ್ಟೆ ಕಾಣುತ್ತಿತ್ತು.

“ಒಂದೇ ದಿನ ತಂದಿದ್ದಲ್ವೇನ್ರೀ ಎರಡೂ?” ಅಂದಳು. “ಡಾಕ್ಟ್ರಿಗೆ ಕಾಲು ಬ್ಯಾಡ, ಇದನ್ನ ತೋರ್ಸಿದ್ರೆ ಸಾಕಾಗಿತ್ತು. ನನಗೂ ತೋರ್ಸಲಿಲ್ಲ ನೀವು.”

ಅವಳಿಗೆ ಗೊತ್ತಿತ್ತು. ಹುಗ್ಗಿ ಹಂಚುವಾಗಲೂ ಗೊತ್ತಿತ್ತು. ನಾನು ಚೆನ್ನಾಗಿದೀನಿ ಎನ್ನುತ್ತಿದ್ದುದರಿಂದ ಅವಳೂ ಹೌದು ಅನ್ನಬೇಕಾಗಿತ್ತು.

ಮತ್ತೆ ದಾವಣಗೆರೆಗೆ ಹೋದೆವು, ಅದೇ ನರರೋಗದ ಡಾಕ್ಟರ ಹತ್ತಿರ. ಈ ಸಲ ಬೂಟಿನ ಸಮೇತ. ನಾನು ನಾಲ್ಕನೆಯ ಸಲದ ವಿಷಯ ಹೇಳಿದೆ. ಅವರು ಸೂಜಿಯ ಪರೀಕ್ಷೆ ಮಾಡಿಸಿ, ಎರಡು ವರ್ಷದ ಕಾಗದಗಳನ್ನೆಲ್ಲ ತಿರುವಿ, ಬರಬೇಕಾದ್ದು ಬಂದಾಗಿದೆ ಅಂದರು. ಉಳಿದ ದೌರ್ಬಲ್ಯ ಹೀಗೆಯೇ ಉಳಿಯುತ್ತದೆ, ಇನ್ನು ಕಾಯುವುದು ಬೇಡ ಎಂದರು; ಅದನ್ನೇ ಬರೆದು ಮೊಹರು ಹಾಕಿ ಕೊಟ್ಟರು. ನಾನು ‘ಬಹಳ ಸಂತೋಷ’ ಅಂದೆ. ಡಾಕ್ಟರು ನನ್ನನ್ನು ಬಿಟ್ಟು ಗಿರಿಜಾಳನ್ನು ನೋಡಿದರು. ಅವಳು ಆಗಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಹೊರಗೆ ಬಂದು ಅವ್ವ ಹಿಂದೆ ಕೂತಿದ್ದ ಅದೇ ಬೆಂಚಿನಲ್ಲಿ ಕೂತೆವು. ಎರಡು ವರ್ಷದಿಂದ ಕಾಯುತ್ತಿದ್ದ ಸುಧಾರಣೆ ಬರುವುದಿಲ್ಲವೆಂದು ಗೊತ್ತಾಯಿತು. ಖಾದರ್‌ಗೆ ಬೇಕಾದ ಕಾಗದವೂ ಸಿಕ್ಕಿತು. ಎರಡೂ ಒಂದೇ ಕಾಗದ. ಅಲ್ಲಿ ಕೂತು ನಾನೂ ಅತ್ತೆ. ಗೆದ್ದದ್ದಕ್ಕೋ ಸೋತದ್ದಕ್ಕೋ ಇವತ್ತಿಗೂ ಹೇಳಲಾರೆ. ಗಿರಿಜಾ ಹೆಂಗಿದೀರಿ ಎಂದು ಕೇಳಲಿಲ್ಲ. ಕ್ಯಾಂಟೀನಿನಿಂದ ಚಹಾ ತಂದು ಕೈಗೆ ಕೊಟ್ಟಳು.

ಮರುವರ್ಷ ಅದೇ ಪಡಸಾಲೆ, ಅದೇ ಡಾಕ್ಟರು. ಸ್ವೆಟರಿನ ಹೆಂಗಸು ಹೊಸ ಬಣ್ಣದ ಉಲ್ಲನ್ ಹಿಡಿದಿದ್ದರು. ಈ ಸಲ ವಿಶ್ರಾಂತಿಯಿಲ್ಲ, ಎಣ್ಣೆಯಿಲ್ಲ, ಮೊಸರು ಸಕ್ಕರೆ ಮಾತ್ರ ಇತ್ತು; ಗಿರಿಜಾ, ಹೆಂಗೈತೋ ಹಂಗೆ ಮಾಡಿ ಬನ್ನಿ ಅಂದಿದ್ದಳು. ಡಾಕ್ಟರು ಹೇಗಿದ್ದೀರಿ ಅಂದರು. ಬಾಯಿ ತೆರೆಯಿತು, ತಂದೆಯವರ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಲು ಹಿಡಿದಷ್ಟು ಹೊತ್ತು ಮೊದಲ ಸಲ ಕೋಲು ಬಿಟ್ಟು ನಡೆಯಲು ಕೂಡ ಹಿಡಿದಿರಲಿಲ್ಲ.

“ಮೂರು ಸಲ ಚೆನ್ನಾಗಿದೀನಿ ಸಾರ್,” ಅಂದೆ. “ನಾಲ್ಕನೇ ಸಲಕ್ಕೆ ಇಲ್ಲ.”

ಅವರು ಪೆನ್ನು ಕೆಳಗಿಟ್ಟು ಎತ್ತಿ ಅಂದರು. ಒಂದು. ಎರಡು. ಮೂರು, ಅದೂ ಅರ್ಧ. ನಾಲ್ಕನೆಯದಕ್ಕೆ ನಾನು ನಿಜವಾಗಿಯೂ ಎತ್ತಲು ನೋಡಿದೆ. ಹಣೆಯಲ್ಲಿ ಬೆವರು ಬಂತು. ಪಾದ ಏಳಲಿಲ್ಲ. ಡಾಕ್ಟರೂ ನಾನೂ ಅದನ್ನೇ ನೋಡುತ್ತಾ ಕೂತೆವು, ಮಾತಾಡದ ಮಗುವನ್ನು ನೋಡಿದ ಹಾಗೆ.

ನಂಬರು ಸಿಕ್ಕಿತು. ಒಂಬತ್ತು. ಹೊರಗೆ ಬಂದು ಮನೆಗೆ ಫೋನು ಮಾಡಿದೆ. ಫೋನು ಅವ್ವ ತೆಗೆದಳು.

“ಎಷ್ಟು ಕೊಟ್ರೋ?”

“ಒಂಬತ್ತು, ಅವ್ವ.”

“ಎಷ್ಟಕ್ಕೆ?”

“ಹತ್ತಕ್ಕೆ ಅನ್ಕೋ.”

“ಇನ್ನೊಂದು ಎಲ್ಲೋಯ್ತು?” ಅಂದಳು. ಆಮೇಲೆ ಅವಳೇ, “ಇರ್ಲಿ ಬಿಡು, ಒಂಬತ್ತು ಐತಲ್ಲ,” ಅಂದಳು.

ಅಂದು ಮಧ್ಯಾಹ್ನವೇ ನಮ್ಮ ಡಬಲ್ಸ್, ಐದು ಗೇಮುಗಳಲ್ಲಿ ಮೂರು ಗೆದ್ದವರದು ಪಂದ್ಯ. ಡಬಲ್ಸಿನಲ್ಲಿ ಜೊತೆಗಾರರಿಬ್ಬರೂ ಸರದಿಯಲ್ಲೇ ಚೆಂಡು ಹೊಡೆಯಬೇಕು. ಒಬ್ಬ ಹೊಡೆದ ಕೂಡಲೇ ಇನ್ನೊಬ್ಬನಿಗೆ ದಾರಿ ಬಿಡಬೇಕು. ಒಬ್ಬನಿಗೆ ಎಡಗಾಲಿಲ್ಲ, ಇನ್ನೊಬ್ಬನಿಗೆ ಬಲಪಾದವಿಲ್ಲ. ಮೊದಲ ಎರಡು ಗೇಮುಗಳಲ್ಲಿ ನಾವು ಎದುರಾಳಿಗಳಿಗಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ಒಂದು ಸೋತು ಒಂದು ಗೆದ್ದೆವು. ಮೂರನೆಯದರ ಮಧ್ಯದಲ್ಲಿ, ಪಟ್ಟಿಯಿದ್ದರೂ, ಕಾಲು ತನ್ನ ಅಂಗಡಿ ಮುಚ್ಚಿತು. ಯಾರೂ ನೋಡಿರಲಿಲ್ಲ. ಎರಡು ಪಾಯಿಂಟು ಹಾಗೇ ನಿಭಾಯಿಸಿದೆ. ಖಾದರ್ ಬೆವರು ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ, ಹೆಂಗೆ ಎಂಬಂತೆ.

“ಕಾಲು ಮುಗೀತು ಖಾದರ್,” ಅಂದೆ.

“ಹಂಗನ್ರಿ ಮತ್ತೆ,” ಅಂದ ಅವನು. “ನೀವು ಅಲ್ಲೇ ನಿಂತಿರ್ರಿ. ನಾನೇ ನಿಮ್ಮನ್ನ ಸುತ್ಕೊಂಡು ಬರ್ತೀನಿ.”

ಹಾಗೆಯೇ ಆಡಿದೆವು. ಪೋಲಿಯೊ ಕಾಲಿನ ಮನುಷ್ಯ ನನ್ನನ್ನು ನಡುವೆ ನಿಲ್ಲಿಸಿಕೊಂಡು, ಒಮ್ಮೆ ಹಿಂದಿನಿಂದ, ಒಮ್ಮೆ ಪಕ್ಕದಿಂದ, ಪ್ರದಕ್ಷಿಣೆ ಹಾಕಿ ಹಾಕಿ ಹೊಡೆದ. ನಾನು ನಿಂತಲ್ಲೇ ನಿಂತು ನನ್ನ ಸರದಿಯ ಚೆಂಡನ್ನಷ್ಟೇ ಆಚೆ ದಾಟಿಸಿದೆ. ಕಾಯಿಲೆ ಬಂದ ಮೇಲೆ ಮೊದಲ ಬಾರಿಗೆ ನಾನು ಎಲ್ಲಿ ನಿಂತಿದ್ದೇನೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆ ಗೇಮು ನಮಗೆ ಬಂತು. ಪಂದ್ಯ ಬರಲಿಲ್ಲ.